ಜಾಹೀರು ನೋಟಿಸು ಪೇಪರ್‌ನಲ್ಲೇ ಬರಬೇಕಾ?

ಪರ: ಆನ್‌ಲೈನ್‌ಗೆ ಹೋಗಲಿ

ಹುಬ್ಬಳ್ಳಿಯಲ್ಲಿ ವಕೀಲಿ ಮಾಡುವ ನನಗೆ ಈ ಪಾಳಿ ಬಂದಿದೆ, ಬರೆಯುತ್ತೇನೆ. ಪ್ಲಾಟು ಖರೀದಿಗೆ ಮುಂಚೆ, ಯಾರದಾದರೂ ಹಕ್ಕು, ತಕರಾರು ಇದ್ದರೆ ತಿಳಿಸಲಿ ಅಂತ ಪೇಪರ್‌ನಲ್ಲಿ ಜಾಹೀರು ನೋಟಿಸು ಕೊಡಿಸುತ್ತೇವೆ. ಇರುವೆಯಂಥ ಅಕ್ಷರ, ಖರ್ಚೆಲ್ಲ ಕಕ್ಷಿದಾರರದು. ಮಾಲೀಕರ ತಂಗಿ ಪುಣೆಯಲ್ಲಿದ್ದರೆ ಹುಬ್ಬಳ್ಳಿ ಆವೃತ್ತಿ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಆನ್‌ಲೈನ್ ಆದರೆ ಸರ್ವೆ ನಂಬರ್ ಹಾಕಿ ಹುಡುಕಬಹುದು, ಮುಂದಿನ ವರ್ಷವೂ ಸಿಗುತ್ತದೆ. ಪೇಪರ್ ಮರುದಿನವೇ ರದ್ದಿ.

ಕೇಂದ್ರ ಸರ್ಕಾರ ತನ್ನ ರಾಜ್ಯಪತ್ರದ (ಗೆಜೆಟ್) ಮುದ್ರಣವನ್ನೇ 2015ರಲ್ಲಿ ನಿಲ್ಲಿಸಿತು. ನಮ್ಮ ಪಹಣಿ ಸರ್ಕಾರದ ‘ಭೂಮಿ’ ವೆಬ್‌ಸೈಟಿನಲ್ಲಿ ಸಿಗುತ್ತದೆ. ಹಳ್ಳಿಯವರಿಗೆ ಇಂಟರ್ನೆಟ್ ಬರಲ್ಲ ಅನ್ನುವವರು ಒಮ್ಮೆ ಬಸ್ ಹತ್ತಿ ನೋಡಲಿ.

ಇಷ್ಟು ಹೇಳಿಯೂ, ಪೇಪರ್ ಕಟಿಂಗನ್ನು ಕಡತಕ್ಕೆ ಹಚ್ಚುವವನೂ ನಾನೇ. ಸಾಲ ಕೊಡುವ ಬ್ಯಾಂಕಿನವರು ಕೇಳುತ್ತಾರೆ, ಏನು ಮಾಡೋದು?

ವಿರೋಧ: ಪೇಪರ್ ಬಿಡಬಾರದು

ಹುಡುಕಬಹುದಂತೆ. ಏನು ಹುಡುಕಬೇಕು ಅಂತ ಗೊತ್ತಿದ್ದರೆ ತಾನೇ? ಯಾರಾದರೂ ನನ್ನ ಹೊಲ ಮಾರುತ್ತಿದ್ದಾರಾ ಅಂತ ದಿನಾ ಬೆಳಿಗ್ಗೆ ಸರ್ವೆ ನಂಬರ್ ಒತ್ತಿ ನೋಡುವ ರೈತನನ್ನು ನಾನಂತೂ ಕಂಡಿಲ್ಲ.

ನಮ್ಮ ಕಾಕಾನ ಕತೆ ಕೇಳಿ. ಹಾವೇರಿ ಹತ್ತಿರ ಹೊಲ. ಅಣ್ಣ-ತಮ್ಮಂದಿರ ವಾಟ್ನಿ, ಅಂದರೆ ಆಸ್ತಿ ಪಾಲು, ಆಗಿರಲಿಲ್ಲ. ಕಾಕಾ ಮೆಣಸಿನಕಾಯಿ ಚೀಲ ಹಾಕಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಹೋಗಿದ್ದರು. ಟೆಂಡರ್ ಮುಗಿಯುವತನಕ ದಲಾಲಿ ಅಂಗಡಿಯಲ್ಲಿ ಸುಮ್ನೆ ಕೂರಬೇಕು. ಧಾರಣೆ ನೋಡೋಣ ಅಂತ ಪೇಪರ್ ತೆಗೆದರು. ಧಾರಣೆಯ ಕೆಳಗೇ ನಮ್ಮೂರ ಹೆಸರು, ನಮ್ಮ ಹೊಲದ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ)! ತಕರಾರು ಇದ್ದವರು 7 ದಿನದೊಳಗೆ ತಿಳಿಸಬೇಕು, ತಪ್ಪಿದರೆ ಯಾರದೂ ತಕರಾರಿಲ್ಲವೆಂದು ಖರೀದಿ ಮುಗಿಸಲಾಗುವುದು ಅಂತ ಇತ್ತು. ದೊಡ್ಡಪ್ಪ ಒಬ್ಬರೇ ಸಂಚಕಾರ (ಮುಂಗಡ ಹಣ) ತಗೊಂಡುಬಿಟ್ಟಿದ್ದರು. ಕಾಕಾ ಚೀಲವನ್ನು ದಲಾಲರಿಗೆ ಒಪ್ಪಿಸಿ ವಕೀಲರ ಹತ್ತಿರ ಓಡಿದರು. ತಕರಾರು ಬರೆದು ಕಳಿಸಿದರು, ಕೊಳ್ಳುವವರು ಹಿಂದೆ ಸರಿದರು. ಅಣ್ಣ-ತಮ್ಮ ಈಗಲೂ ಮಾತಾಡುವುದಿಲ್ಲ, ಅದು ಬೇರೆ ವಿಷಯ.

ಪುಣೆಯ ತಂಗಿಗೆ ಮನೆಯವರೇ ಒಂದು ಫೋನ್ ಮಾಡಬಹುದಲ್ವಾ?

2013ರ ಭೂಸ್ವಾಧೀನ ಕಾಯ್ದೆ ನೋಡಿ. ಮೊದಲ ಅಧಿಸೂಚನೆ ಎರಡು ದಿನಪತ್ರಿಕೆಗಳಲ್ಲಿ ಬರಬೇಕು, ಒಂದು ಸ್ಥಳೀಯ ಭಾಷೆಯದೇ ಆಗಿರಬೇಕು. ಪಂಚಾಯಿತಿಯಲ್ಲೂ ಹಾಕಬೇಕು, ವೆಬ್‌ಸೈಟಿಗೂ ಏರಿಸಬೇಕು. ಆಮೇಲೆ ತಕರಾರಿಗೆ 60 ದಿನ. ಕಾಯ್ದೆ ಮಾಡಿದವರೇ ವೆಬ್‌ಸೈಟ್ ಒಂದನ್ನೇ ನಂಬಿ ಕೂರಲಿಲ್ಲ. ಸಾಲ ಕಟ್ಟದವರ ಆಸ್ತಿಯನ್ನು ಬ್ಯಾಂಕು ಸ್ವಾಧೀನಕ್ಕೆ ತಗೊಂಡಾಗಲೂ ನೋಟಿಸು ಎರಡು ಪೇಪರ್‌ಗಳಲ್ಲಿ ಬರಬೇಕು.

ಇನ್ನು ಖರ್ಚಿನ ಮಾತು. ಕಕ್ಷಿದಾರರ ಖರ್ಚಿನ ಬಗ್ಗೆ ಮರುಗುವ ವಕೀಲರು ತಮ್ಮ ಫೀ ಬಗ್ಗೆ ಒಂದಕ್ಷರ ಬರೆದಿಲ್ಲ.