ಹೆಸರು ಮುಗಿಯಲಿ, ಆಮೇಲೆ ಹಾಡು

ಜಾನಪದ ಕಾರ್ಯಕ್ರಮದ ನಿರೂಪಕರಿಗೆ ಪ್ರಾಣಾಯಾಮ ಕಡ್ಡಾಯ ಮಾಡಬೇಕು. ಕನ್ನಡ ಚೆನ್ನಾಗಿದ್ದರೆ ಸಾಲದು, ದಮ್ಮು ಬೇಕು. ವೇದಿಕೆಯ ಮೇಲೆ ನಾಲ್ಕು ಜನ ಏಕತಾರಿ, ದಮ್ಮಡಿ ಹಿಡಿದು ನಿಂತಿರುತ್ತಾರೆ. ನಿರೂಪಕಿ ಶುರು ಮಾಡುತ್ತಾರೆ: ಇದೀಗ ನಿಮ್ಮ ಮುಂದೆ, ಶ್ರೀ ಇಂಥಾ ದೇವರ ಕೃಪಾಪೋಷಿತ ಗ್ರಾಮೀಣ ಜಾನಪದ ಸಾಂಸ್ಕೃತಿಕ ಯುವಕ ಹಾಗೂ ಮಹಿಳಾ ಕಲಾ ಅಭಿವೃದ್ಧಿ ಮತ್ತು ಜನಜಾಗೃತಿ ಸೇವಾ ಸಂಘ, ರಿಜಿಸ್ಟರ್ಡ್. 'ಕೃಪಾಪೋಷಿತ' ದಾಟುವಷ್ಟರಲ್ಲಿ ಏಕತಾರಿಯ ಶ್ರುತಿ ಇಳಿದಿರುತ್ತದೆ. 'ಮಹಿಳಾ' ಅಂದಾಗ ಜನ ಕತ್ತು ಎತ್ತಿ ನೋಡುತ್ತಾರೆ. ನಾಲ್ಕೂ ಗಂಡಸರೇ. ಹೆಸರು ಹೇಳಿ ಮುಗಿಸಿ, ನೀರು ಕುಡಿದು, ನಿರೂಪಕಿ ಇನ್ನೊಂದು ಮಾತು ಸೇರಿಸುತ್ತಾರೆ: ಸಮಯ ಕಮ್ಮಿ ಇರುವುದರಿಂದ ತಂಡದವರು ಒಂದೇ ಹಾಡಿಗೆ ಮುಗಿಸಬೇಕು.

ಈ ಹೆಸರು ನಾನೇ ಕಟ್ಟಿದ್ದು. ಆದರೆ ನಿಮ್ಮ ತಾಲ್ಲೂಕಿನ ಜಾತ್ರೆಯ ಫ್ಲೆಕ್ಸ್ ಒಮ್ಮೆ ಓದಿ ನೋಡಿ. ನಾನು ಕಂಜೂಸುತನ ಮಾಡಿದ್ದೇನೆ ಅನಿಸಿದರೂ ಅನಿಸಬಹುದು.

ಸುಮ್ನೆ ಉದ್ದ ಆಗಿಲ್ಲ ಅದು. ಒಂದೊಂದು ಪದದ ಹಿಂದೆಯೂ ಒಂದೊಂದು ಕಚೇರಿ ಕೂತಿದೆ. 'ಸಾಂಸ್ಕೃತಿಕ' ಅನ್ನುವುದು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಡೆ ಮುಖ ಮಾಡಿ ನಿಂತಿದೆ. 'ಜನಜಾಗೃತಿ' ವಾರ್ತಾ ಇಲಾಖೆಯ ಕಡೆ. 'ಮಹಿಳಾ' ಮತ್ತು 'ಯುವಕ' ಮುಂದೆ ಯಾವ ಯೋಜನೆ ಬರುತ್ತದೋ ಯಾರಿಗೆ ಗೊತ್ತು ಅಂತ ಹಾಕಿಟ್ಟಿದ್ದು. ಸರ್ಕಾರಕ್ಕೂ ಇವರೇ ಬೇಕು. ಶೌಚಾಲಯ ಕಟ್ಟಿಸಿಕೊಳ್ಳಿ ಅನ್ನಲು ಇವರೇ ಹಾಡಬೇಕು, ತಪ್ಪದೆ ಮತ ಹಾಕಿ ಅನ್ನಲೂ ಇವರೇ. ಮಾದಪ್ಪನ ಪದದ ಧಾಟಿಗೆ ಡೆಂಗಿ ಸೊಳ್ಳೆಯನ್ನು ಕೂರಿಸಿ ಬೀದಿಬೀದಿಯಲ್ಲಿ ಹಾಡಿದವರು ನಮ್ಮ ಕಲಾವಿದರು. ಅಂಥವರ ಸಂಘಕ್ಕೆ ಮಾದಪ್ಪನ ಹೆಸರು ಮಾತ್ರ ಇದ್ದರೆ ಸೊಳ್ಳೆಯ ಬಿಲ್ಲು ಪಾಸಾಗುವುದು ಹೇಗೆ?

ಇನ್ನು ಆ 'ರಿ.' ಅನ್ನುವುದು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960. ಸಂಘ ಅಂದರೆ ಕನಿಷ್ಠ 7 ಜನ ಸದಸ್ಯರು, ಬೈಲಾ, ಪ್ರತಿ ವರ್ಷ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ. ಈಗ ನಮ್ಮ ಗೀಗೀ ಮೇಳ ತೆಗೆದುಕೊಳ್ಳಿ. ಮುಂದೆ ದಪ್ಪು ಹಿಡಿದು ಹಾಡುವವನೊಬ್ಬ. ಹಿಂದೆ ತುಂತುಣಿಗೊಬ್ಬ, ತಾಳಕ್ಕೊಬ್ಬ. ಮೂರು ಜನ ನಿಂತರೆ ರಾತ್ರಿ ಬೆಳಗಾಗುತ್ತದೆ. ಕಾನೂನಿಗೆ ಇನ್ನೂ 4 ಜನ ಕಮ್ಮಿ! ಹಾಗಾಗಿ ಹೆಂಡತಿ ಉಪಾಧ್ಯಕ್ಷೆ. ಭಾವಮೈದ ಕಾರ್ಯದರ್ಶಿ. ಊರಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು ಸಹ ಕಾರ್ಯದರ್ಶಿ, ಅವನಿಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ತಾಳಕ್ಕೆ ಸರಿಯಾಗಿ ಚಪ್ಪಾಳೆಯನ್ನೂ ತಟ್ಟಲು ಬಾರದವನೊಬ್ಬ ಖಜಾಂಚಿ. ಗೀಗೀ ಪದದಲ್ಲಿ 'ಗೀಯ ಗೀಯ' ಅನ್ನುವುದು ಹಿಮ್ಮೇಳ. ಇಲ್ಲಿ ಹಿಮ್ಮೇಳವೇ ಕಾರ್ಯಕಾರಿ ಸಮಿತಿ.

ಕಾನೂನಿನಲ್ಲಿ ಇನ್ನೊಂದು ಮಾತಿದೆ. ಮೊದಲೇ ನೋಂದಾಯಿಸಿದ ಸಂಘದ ಹೆಸರನ್ನು ತೀರಾ ಹೋಲುವ ಹೆಸರು ಇಡಬಾರದು. ಕೇಳಲು ಸರಿಯಾಗೇ ಇದೆ. ಆದರೆ ನಮ್ಮ ಹಳ್ಳಿಯಲ್ಲಿ ದೇವರು ಒಬ್ಬ, ಡೊಳ್ಳಿನ ತಂಡ ಎರಡು. ಮೊದಲಿನವರು ದೇವರ ಹೆಸರು ಹಿಡಿದುಬಿಟ್ಟರು. ಎರಡನೆಯವರು ಏನು ಮಾಡಬೇಕು? ಮುಂದೆ 'ನವ' ಅಂತ ಸೇರಿಸಿದರು. ನವದಲ್ಲಿ ಸಂಭಾವನೆ ಹಂಚುವಾಗ ಜಗಳ ಬಂತು. ಹೊರಬಂದವರು 'ಮೂಲ' ಅಂತ ಸೇರಿಸಿಕೊಂಡರು. ಎಲ್ಲರಿಗಿಂತ ಕೊನೆಗೆ ಹುಟ್ಟಿದ ಸಂಘವೇ ಮೂಲ. ಇದನ್ನು ಕೇಳಿ ಮೊದಲನೆಯವರಿಗೆ ಸಿಟ್ಟು ಬಂದು, ತಮ್ಮ ಹೆಸರಿಗೆ 'ಆದಿ' ಹಚ್ಚಿಕೊಂಡರು. ದೇವರು ಮಾತ್ರ ಗುಡಿಯಲ್ಲಿ ಏನೂ ಹಚ್ಚಿಕೊಳ್ಳದೆ ಕೂತಿದ್ದಾನೆ.

ಒಂದು ಕಾಲಕ್ಕೆ ಇದ್ಯಾವುದೂ ಬೇಕಿರಲಿಲ್ಲ ಅಲ್ವಾ? ಕಪ್ಪು ಕಂಬಳಿ, ಕರಡಿ ಕೂದಲಿನ ಟೋಪಿ, ಕೈಯಲ್ಲಿ ಡಮರುಗ, ಪಿಳ್ಳಂಗೋವಿ. ಬಂದವನು ಗೊರವಯ್ಯ ಅಂತ ಮೂರು ವರ್ಷದ ಮಗುವಿಗೂ ಗೊತ್ತಾಗುತ್ತಿತ್ತು, ಅಂಜಿ ಒಳಗೆ ಓಡುತ್ತಿತ್ತು. ನೀಲಗಾರರು ತಂಬೂರಿ ಮೀಟಿದರೆ ಮಂಟೇಸ್ವಾಮಿ ಕತೆ. ದೇವರಗುಡ್ಡರ ಕಂಸಾಳೆ ಕೇಳಿದರೆ ಮಾದಪ್ಪನದು. ಆಮೇಲೆ ಕಲಾವಿದರು ಊರು ಬಿಟ್ಟು ಆಚೆ ಹಾಡತೊಡಗಿದಾಗಲೂ ಜನ ಸುಲಭದ ದಾರಿ ಹಿಡಿದರು. ಮುಂದೆ ಊರ ಹೆಸರು, ಹಿಂದೆ ಆಳಿನ ಹೆಸರು. ಬಾನಂದೂರು ಕೆಂಪಯ್ಯ. ಅಪ್ಪಗೆರೆ ತಿಮ್ಮರಾಜು. ಪಿಚ್ಚಳ್ಳಿ ಶ್ರೀನಿವಾಸ್. ದರೋಜಿ ಈರಮ್ಮ. ಎರಡೇ ಪದ. ಎಲ್ಲಿಯವರು, ಯಾರು, ಎರಡೂ ಗೊತ್ತಾಯಿತು. ಹಾಲಕ್ಕಿ ಹಾಡುಗಳ ಭಂಡಾರವಾಗಿದ್ದ ಅಂಕೋಲಾ ಕಡೆಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದೂ ಎರಡು ಪದದ ಹೆಸರಿಗೇ. ರಿ. ಇರಲಿಲ್ಲ.

ಕರಾವಳಿಯವರು ಇನ್ನೂ ಬುದ್ಧಿವಂತರು. ಯಕ್ಷಗಾನ ಮಂಡಳಿಗಳ ಹೆಸರು ಬೋರ್ಡಿನ ಮೇಲೆ ಎಷ್ಟುದ್ದ ಬೇಕಾದರೂ ಇರಲಿ, ಬಾಯಲ್ಲಿ ಕಟೀಲು ಮೇಳ, ಧರ್ಮಸ್ಥಳ ಮೇಳ, ಮಂದಾರ್ತಿ ಮೇಳ. ಮೇಳ ಜಾಸ್ತಿಯಾದಾಗ 'ನವ', 'ಮೂಲ' ಅನ್ನುವ ರಗಳೆ ಇಲ್ಲ. ಒಂದನೇ ಮೇಳ, ಎರಡನೇ ಮೇಳ ಅಂತ ನಂಬರು ಹಾಕಿದರು, ಕತೆ ಮುಗಿಯಿತು.

ಈಗ ಪೇಟೆಗೆ ಬರೋಣ. ಇಲ್ಲಿ ಕಾಯಿಲೆ ಬೇರೆ. ಗಿಟಾರಿನ ಜೊತೆ ಜಾನಪದ ಹಾಡುವ ಬ್ಯಾಂಡುಗಳಿಗೆ ಹೆಸರು ಚಿಕ್ಕದು. ಆದರೆ ಒಳಗೆ ಏನಿದೆ ಅಂತ ಗೊತ್ತಾಗಬಾರದು. ಬೆಂಗಳೂರಿನ ಪ್ರಸಿದ್ಧ ತಂಡವೊಂದು ಮೊದಲು 'ಅಂತರಾಗ್ನಿ' ಆಗಿತ್ತು, ಆಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಆಯಿತು. ಹಾಡುವುದು ಶಿಶುನಾಳ ಷರೀಫರ ತತ್ವಪದ, ಅದೂ ಸೊಗಸಾಗಿಯೇ. ಆದರೆ ಪ್ರಾಜೆಕ್ಟ್ ಅಂದ ಕೂಡಲೇ ನಮ್ಮ ಕಡೆ ರೈತರು ಪಹಣಿ ಹುಡುಕುತ್ತಾರೆ. ಅಣೆಕಟ್ಟೋ, ಹೆದ್ದಾರಿಯೋ, ಯಾರ ಜಮೀನು ಹೋಗುತ್ತದೋ ಅಂತ.

ದೆಹಲಿಯಲ್ಲಿ ಹುಟ್ಟಿದ ತಂಡದ ಹೆಸರು 'ಇಂಡಿಯನ್ ಓಷನ್'. ಅಲ್ಲಿಂದ ಸಮುದ್ರ ನೋಡಬೇಕಾದರೆ ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು. ಪಕ್ಕದ ಕೇರಳದವರು ಹೊಟ್ಟೆಯಿಂದ ಯೋಚನೆ ಮಾಡಿದರು: ಒಂದು ಬ್ಯಾಂಡ್ 'ಅವಿಯಲ್', ಇನ್ನೊಂದು 'ಮಸಾಲಾ ಕಾಫಿ'. ಚೆನ್ನೈಯಿಂದ 'ತಯಿರ್ ಸಾದಂ ಪ್ರಾಜೆಕ್ಟ್', ಅಂದರೆ ನಮ್ಮ ಮೊಸರನ್ನ. ಮೂರೂ ತಂಡಗಳನ್ನು ಒಂದೇ ಸಂಜೆ ಕರೆಸಿದರೆ ಆಯೋಜಕರಿಗೆ ಅಡುಗೆಯವರ ಖರ್ಚು ಉಳಿಯುತ್ತದೆ. ಕೇರಳದ್ದೇ 'ತೈಕ್ಕುಡಂ ಬ್ರಿಡ್ಜ್' ಮಾತ್ರ ಕೊಚ್ಚಿಯ ಒಂದು ಜಾಗದ ಹೆಸರು. ಅಷ್ಟರಮಟ್ಟಿಗೆ ಅದು ಬಾನಂದೂರು, ದರೋಜಿಯ ಜಾತಿಗೆ ಸೇರಿದ್ದು, ನನಗೆ ಇಷ್ಟ. ಬೆಂಗಳೂರಿನ ಹುಡುಗರು ಇದೇ ದಾರಿ ಹಿಡಿದು 'ಸಿಲ್ಕ್ ಬೋರ್ಡ್ ಜಂಕ್ಷನ್' ಅಂತ ಇಟ್ಟರೆ ಒಂದು ಅನುಕೂಲ ಇದೆ. ತಂಡ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಅಂತ ಕರೆಸಿದವರಿಗೆ ಮೊದಲೇ ತಿಳಿಯುತ್ತದೆ.

ನಮ್ಮಲ್ಲಿ ಮಾತ್ರ ಹೀಗೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 1967ರಲ್ಲಿ ಕೆಲವು ಹುಡುಗರು ಲಂಡನ್ನಿನ ಒಂದು ಮನೆಯಲ್ಲಿ ಅಭ್ಯಾಸಕ್ಕೆ ಸೇರುತ್ತಿದ್ದರು. ಮನೆಯ ಹೆಸರು ಫೇರ್‌ಪೋರ್ಟ್. ತಂಡ 'ಫೇರ್‌ಪೋರ್ಟ್ ಕನ್ವೆನ್ಷನ್' ಆಯಿತು, ಮುಂದೆ ಇಂಗ್ಲಿಷ್ ಜಾನಪದ ರಾಕ್‌ನ ದೊಡ್ಡ ಹೆಸರಾಯಿತು. ಅದೇ ಲೆಕ್ಕದಲ್ಲಿ ನಮ್ಮ ಅರ್ಧ ತಂಡಗಳು 'ಮಾತೃಕೃಪಾ ಸಮಾವೇಶ' ಆಗಬೇಕಿತ್ತು. ಉಳಿದರ್ಧ 'ಶ್ರೀನಿವಾಸ ನಿಲಯ, ಮೊದಲನೇ ಮಹಡಿ'.

ಲಂಡನ್ನಿನಲ್ಲೇ 1982ರಲ್ಲಿ ಐರಿಷ್ ಹಾಡುಗಳ ಇನ್ನೊಂದು ಗುಂಪು ಹುಟ್ಟಿತು. 'ಪೋಗ್ ಮಹೋನ್' ಅಂತ ಹೆಸರು. ಐರಿಷ್ ಭಾಷೆಯಲ್ಲಿ ಅದರ ಅರ್ಥ, ನನ್ನ ಅಂಡಿಗೊಂದು ಮುತ್ತು ಕೊಡು. ಬಿಬಿಸಿಯಲ್ಲಿ ಆ ಭಾಷೆ ಬಲ್ಲವರ ಕಿವಿಗೆ ಬಿದ್ದ ಮೇಲೆ ಗಲಾಟೆಯಾಗಿ, ಹೆಸರು ಬರೀ 'ದ ಪೋಗ್ಸ್' ಆಯಿತು. ನಮ್ಮ ನೋಂದಣಿ ಕಚೇರಿಯಲ್ಲಾಗಿದ್ದರೆ ಪಾಸಾಗಿಬಿಡುತ್ತಿತ್ತು, ಕೊನೆಗೆ 'ಸೇವಾ ಸಂಘ' ಅಂತ ಇದ್ದರೆ ಸಾಕು.

ಎಲ್ಲಕ್ಕಿಂತ ನನಗೆ ಹತ್ತಿರ ಅನಿಸುವುದು ಇಂಗ್ಲೆಂಡಿನದೇ ಇನ್ನೊಂದು ಜಾನಪದ ರಾಕ್ ತಂಡ, 'ಸ್ಟೀಲೈ ಸ್ಪ್ಯಾನ್'. ಲಿಂಕನ್‌ಷೈರಿನ ಒಂದು ಜನಪದ ಹಾಡಿನಲ್ಲಿ ಬರುವ ಗಾಡಿ ಹೊಡೆಯುವವನ ಹೆಸರು ಅದು. ತಂಡ ಕಟ್ಟುವಾಗ ಮೂರು ಹೆಸರುಗಳು ಕಣದಲ್ಲಿದ್ದವು, ಚೀಟಿ ಹಾಕಿದರು. ಸದಸ್ಯರು 5. ಎಣಿಸಿದಾಗ ಚೀಟಿ 6. ಗಾಡಿಯವನೇ ಗೆದ್ದ. ಎರಡು ಚೀಟಿ ಹಾಕಿದವನು ನಾನೇ ಅಂತ ಐವರಲ್ಲೊಬ್ಬನಾದ ಟಿಮ್ ಹಾರ್ಟ್ ಒಪ್ಪಿಕೊಂಡಿದ್ದು 1978ರಲ್ಲಿ. ಅಷ್ಟು ಹೊತ್ತಿಗೆ ತಂಡ ಜಗತ್ಪ್ರಸಿದ್ಧ ಆಗಿತ್ತು, ಹೆಸರನ್ನು ಯಾರೂ ಮುಟ್ಟಲಿಲ್ಲ. ನಮ್ಮಲ್ಲಾಗಿದ್ದರೆ ಆರನೇ ಚೀಟಿ ಸಿಕ್ಕ ದಿನವೇ ಜಿಲ್ಲಾ ನೋಂದಣಾಧಿಕಾರಿಗೆ ದೂರು, ಅಲ್ಲಿಂದ ಕೋರ್ಟು. ಐದು ಜನರಿಂದ ಮೂರು ಸಂಘ: ನವ ಸ್ಟೀಲೈ, ಮೂಲ ಸ್ಟೀಲೈ, ಆದಿ ಸ್ಟೀಲೈ. ಮೂರಕ್ಕೂ ರಿ. ಉಂಟು, ಬೈಲಾ ಉಂಟು, ಸೀಲು ಉಂಟು. ತಮಟೆ ಮಾತ್ರ ಒಂದೇ, ಪಕ್ಕದ ಊರಿಂದ ಬಾಡಿಗೆಗೆ ತಂದದ್ದು.