ಗುಡ್ಡೆ ಹತ್ತಿ ಫೋನ್ ಮಾಡಿದವರ ಮಾತೂ ಕೇಳಿ

ಮನೆಗಳ ಹತ್ತಿರ ಮೊಬೈಲ್ ಟವರ್ ಬೇಡ ಎಂದು ಪಂಚಾಯತ್‌ಗೆ ಮನವಿ ಕೊಟ್ಟವರ ಭಯ ನನಗೆ ಅರ್ಥವಾಗುತ್ತದೆ. ಸಣ್ಣ ಮಕ್ಕಳಿದ್ದರೆ ಯಾರಿಗಾದರೂ ಹೆದರಿಕೆಯೇ ಅಲ್ವಾ? ಆದರೆ ನಮ್ಮದು ಉಡುಪಿ ಜಿಲ್ಲೆಯ ಹೆಬ್ರಿ ಕಡೆಯ, ಸಿಗ್ನಲ್ ಸಿಗದ ಊರು. ಕಳೆದ ಮಳೆಗಾಲದಲ್ಲಿ ಅಪ್ಪ ಅಡಿಕೆ ತೋಟದಲ್ಲಿ ಜಾರಿ ಬಿದ್ದರು. 108ಕ್ಕೆ ಕರೆ ಮಾಡಲು ನಾನು ಕೊಡೆ ಹಿಡಿದು ಗುಡ್ಡೆ ಹತ್ತಿದೆ. ಅಲ್ಲಿ ಗೇರುಮರದ ಬುಡದಲ್ಲಿ ಮಾತ್ರ ಒಂದು ಕಡ್ಡಿ ಸಿಗ್ನಲ್. ಕೆಳಗೆ ಅಮ್ಮ ಒಬ್ಬರೇ ಅಪ್ಪನ ತಲೆ ಹಿಡಿದು ಕೂತಿದ್ದರು.

ಟವರ್ ವಿಕಿರಣದ ಮಿತಿಯನ್ನು ನಮ್ಮ ದೇಶದಲ್ಲಿ 2012ರಲ್ಲೇ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದ್ದಾರೆ. ಕೇಂದ್ರ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿದರೆ ವಿಕಿರಣದ ಅಳತೆಯನ್ನೂ ಮಾಡಿಸಬಹುದು. ಇದನ್ನೆಲ್ಲ ಗ್ರಾಮಸಭೆಯಲ್ಲಿ ಮೊದಲೇ ಹೇಳಬೇಕು. ಏನೂ ಹೇಳದೆ ಸುಮ್ನೆ ಜೆಸಿಬಿ ತಂದು ನಿಲ್ಲಿಸಿದರೆ ಜನರಿಗೆ ಸಿಟ್ಟು ಬಾರದೆ ಇರುತ್ತದೆಯೇ? ಮನೆಗಳಿಂದ ದೂರ, ಗುಡ್ಡೆಯ ಮೇಲೆ ಜಾಗ ನೋಡಿ. ಆದರೆ ಟವರೇ ಬೇಡ ಅನ್ನಬೇಡಿ.