ಹೈಮನ್ ಹೇಳುತ್ತಾನೆ

ಮೂರು ವರ್ಷ ನಾನು ತರಗತಿಯಲ್ಲಿ ‘ಹೈಮನ್ ಹೀಗೆ ಹೇಳುತ್ತಾನೆ’ ಎಂದೇ ಪಾಠ ಮಾಡಿದೆ. ಪ್ರಾಣಿಶಾಸ್ತ್ರದ ಪಠ್ಯಕ್ರಮದ ಕೊನೆಯ ಹಾಳೆಯಲ್ಲಿ ‘ಎಲ್.ಎಚ್. ಹೈಮನ್, ದಿ ಇನ್‌ವರ್ಟಿಬ್ರೇಟ್ಸ್’ ಎಂದು ಬೆನ್ನುಮೂಳೆ ಇಲ್ಲದ ಪ್ರಾಣಿಗಳ ಕುರಿತ ಪುಸ್ತಕದ ಹೆಸರಿರುತ್ತಿತ್ತು. ನನಗೆ ಕಲಿಸಿದ ಮೇಷ್ಟರೂ ‘ಹೇಳುತ್ತಾನೆ’ ಎಂದೇ ಹೇಳಿದ್ದರು. ಇಂಗ್ಲಿಷಿನಲ್ಲಿ ಪಾಠ ಮಾಡಿದ್ದರೆ ಸಿಕ್ಕಿಬೀಳುತ್ತಿರಲಿಲ್ಲವೇನೋ. ಕನ್ನಡದ ಕ್ರಿಯಾಪದ ಸುಮ್ಮನೆ ಬಿಡುವುದಿಲ್ಲ, ಗಂಡೋ ಹೆಣ್ಣೋ ಎಂದು ವಾಕ್ಯದ ತುದಿಯಲ್ಲಿ ಕೇಳಿಯೇ ಕೇಳುತ್ತದೆ. ಒಂದು ದಿನ ಎರಡನೇ ಬೆಂಚಿನ ಹುಡುಗಿ ಗ್ರಂಥಾಲಯದಿಂದ ತಂದಿದ್ದ ಸಂಪುಟದ ಮೊದಲ ಪುಟ ತೆರೆದು, ‘ಮೇಡಂ, ಲಿಬ್ಬಿ ಹೆನ್ರಿಯೆಟ್ಟಾ ಅಂದರೆ ಹೆಂಗಸಿನ ಹೆಸರಲ್ಲವೇ?’ ಎಂದಳು.

ನಾನು ಅದೇ ಪುಸ್ತಕವನ್ನು ಹತ್ತಾರು ಸಲ ತೆರೆದವಳು. ನೇರವಾಗಿ ಹುಳುಗಳ ಪುಟಕ್ಕೆ ಹೋಗುತ್ತಿದ್ದೆ. ಅಷ್ಟು ದಪ್ಪದ ಪುಸ್ತಕ ಬರೆದವನು ಗಂಡಸೇ ಎಂದು ನನ್ನೊಳಗೆ ಯಾರು ಯಾವಾಗ ಬರೆದಿಟ್ಟರೋ! ಹೆಂಗಸಾಗಿ ನನಗೇ ಹೀಗಾಯಿತಲ್ಲ ಎಂಬ ನಾಚಿಕೆಗೇ ಆಮೇಲೆ ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಲಿಬ್ಬಿ ಹುಟ್ಟಿದ್ದು 1888ರಲ್ಲಿ, ಅಮೆರಿಕದ ಅಯೋವಾ ರಾಜ್ಯದಲ್ಲಿ. ಬೆಳೆದದ್ದು ಫೋರ್ಟ್ ಡಾಡ್ಜ್ ಎಂಬ ಸಣ್ಣ ಊರಿನಲ್ಲಿ. ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬ. ತಂದೆಗೆ ಒಂದು ಬಟ್ಟೆ ಅಂಗಡಿ, ಮನೆಯಲ್ಲಿ ಸದಾ ಹಣದ ತಾಪತ್ರಯ. ಮನೆಯ ಹುಡುಗರಿಗೆ ಒಂದು ನ್ಯಾಯ, ಮಗಳಿಗೆ ಒಂದು ನ್ಯಾಯ. ಅಡುಗೆ, ಪಾತ್ರೆ, ಅಣ್ಣತಮ್ಮಂದಿರ ಚಾಕರಿ ಎಲ್ಲ ಇವಳ ಪಾಲಿಗೆ. ನಡುನಡುವೆ ಹೂ, ಚಿಟ್ಟೆ, ಪತಂಗಗಳ ಬೆನ್ನು ಹತ್ತಿ ಹೋಗುತ್ತಿದ್ದಳು. 1905ರಲ್ಲಿ ಹೈಸ್ಕೂಲು ಮುಗಿಸಿದಾಗ ತರಗತಿಗೇ ಚಿಕ್ಕವಳು, ತರಗತಿಗೇ ಮೊದಲಿಗಳು. ಮುಂದೇನು ಎಂದು ಯಾರಿಗೂ ಗೊತ್ತಿರಲಿಲ್ಲ. ಧಾನ್ಯದ ಕಾರ್ಖಾನೆಗೆ ಸೇರಿ ಡಬ್ಬಿಗಳಿಗೆ ಲೇಬಲ್ ಅಂಟಿಸತೊಡಗಿದಳು.

1906ರ ಒಂದು ಸಂಜೆ ಕಾರ್ಖಾನೆಯಿಂದ ಮನೆಗೆ ನಡೆದು ಬರುವಾಗ ಶಾಲೆಯಲ್ಲಿ ಜರ್ಮನ್ ಕಲಿಸಿದ್ದ ಮೇರಿ ಕ್ರಾಫರ್ಡ್ ಎದುರಾದರು. ಇಷ್ಟು ಬುದ್ಧಿವಂತ ಹುಡುಗಿ ಲೇಬಲ್ ಅಂಟಿಸುತ್ತಿದ್ದಾಳೆ ಎಂದು ತಿಳಿದು ಅವರಿಗೆ ತಡೆಯಲಾಗಲಿಲ್ಲ. ಓಡಾಡಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನ ಕೊಡಿಸಿದರು. ಆ ಟೀಚರು ಅಂದು ಬೇರೆ ಬೀದಿಯಲ್ಲಿ ಹೋಗಿದ್ದರೆ? ಇದನ್ನು ಎಷ್ಟು ಸಲ ಯೋಚಿಸಿದ್ದೇನೋ. ನನ್ನ ಸಹಪಾಠಿಗಳಲ್ಲೇ ಇಬ್ಬರಿಗೆ ದಾರಿಯಲ್ಲಿ ಯಾವ ಟೀಚರೂ ಎದುರಾಗಲಿಲ್ಲ.

ಷಿಕಾಗೊದಲ್ಲಿ ಮೊದಲು ಹಿಡಿದದ್ದು ಸಸ್ಯಶಾಸ್ತ್ರ. ಯಹೂದಿ ಎಂಬ ಕಾರಣಕ್ಕೆ ಅಲ್ಲಿ ಎದುರಿಸಬೇಕಾದ ಕಿರುಕುಳದಿಂದ ಅದು ಕೈಬಿಟ್ಟಿತು. ಕೊನೆಗೆ ಪ್ರಾಣಿಶಾಸ್ತ್ರಕ್ಕೆ ಬಂದು 1910ರಲ್ಲಿ ಪದವಿ, 1915ರಲ್ಲಿ ಚಾರ್ಲ್ಸ್ ಮ್ಯಾನಿಂಗ್ ಚೈಲ್ಡ್ ಅವರ ಬಳಿ ಡಾಕ್ಟರೇಟು. ಇಲ್ಲಿಂದ ನಾನು ‘ಅವರು’ ಎನ್ನುತ್ತೇನೆ. ಅವರು ಡಾಕ್ಟರೇಟಿನ ಬಳಿಕವೂ ಸುಮಾರು ಹದಿನಾರು ವರ್ಷ ಅದೇ ಪ್ರೊಫೆಸರರ ಸಂಶೋಧನಾ ಸಹಾಯಕಿಯಾಗಿಯೇ ಉಳಿದರು. ಹೈಡ್ರಾ ಎಂಬ ಸಿಹಿನೀರಿನ ಪುಟ್ಟ ಪ್ರಾಣಿ, ಚಪ್ಪಟೆ ಹುಳುಗಳ ಮೇಲೆ ಒಂದರ ಹಿಂದೊಂದು ಪ್ರಬಂಧ ಬರೆದರು. ಪ್ರಯೋಗಾಲಯಗಳಲ್ಲಿ ಎಲ್ಲರೂ ಬಳಸುವ ಹೈಡ್ರಾಗಳ ಜಾತಿಯನ್ನೇ ತಪ್ಪಾಗಿ ಗುರುತಿಸಲಾಗುತ್ತಿದೆ ಎಂದು ಕಂಡು ಅದನ್ನು ಸರಿಪಡಿಸಲು ಕೂತರು. ಪ್ರಾಧ್ಯಾಪಕ ಹುದ್ದೆ ಮಾತ್ರ ಬರಲಿಲ್ಲ. ಷಿಕಾಗೊದಲ್ಲಷ್ಟೇ ಅಲ್ಲ, ಜೀವಮಾನದಲ್ಲೇ ಬರಲಿಲ್ಲ.

ಮಹಿಳಾ ದಿನ ಬಂತೆಂದರೆ ಇಂಥವರ ಕತೆಗಳು ವಾಟ್ಸ್ಆ್ಯಪಿನಲ್ಲಿ ಹೂವಿನ ಚಿತ್ರದೊಂದಿಗೆ ಓಡಾಡುತ್ತವೆ. ವಿಜ್ಞಾನಕ್ಕಾಗಿ ಬಾಳನ್ನೇ ಮುಡಿಪಿಟ್ಟ ತ್ಯಾಗಮಯಿ, ಮದುವೆಯನ್ನೂ ಆಗದ ತಪಸ್ವಿನಿ. ನನಗೆ ಮೈ ಉರಿಯುವುದು ಅಲ್ಲಿ. ಹೈಮನ್ ತ್ಯಾಗ ಮಾಡಿದವರಲ್ಲ, ಲೆಕ್ಕ ಹಾಕಿದವರು.

ಪ್ರಯೋಗಾಲಯದ ತರಗತಿ ನೋಡಿಕೊಳ್ಳುತ್ತಿದ್ದಾಗ ಒಳ್ಳೆಯ ಕೈಪಿಡಿ ಇಲ್ಲವೆಂದು 1919ರಲ್ಲಿ ತಾವೇ ಒಂದನ್ನು ಬರೆದರು. 1922ರಲ್ಲಿ ಇನ್ನೊಂದು, ಕಶೇರುಕಗಳ ಅಂಗರಚನೆಯದು, ನಾಯಿಮೀನು, ಬೆಕ್ಕು ಮುಂತಾದವನ್ನು ಕತ್ತರಿಸಿ ನೋಡುವವರಿಗಾಗಿ. ಸ್ವಾರಸ್ಯವೆಂದರೆ ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ ಅವರಿಗೆ ಕಿಂಚಿತ್ತೂ ಆಸಕ್ತಿ ಇರಲಿಲ್ಲ. ಕಾಲೇಜುಗಳಿಗೆ ಮಾತ್ರ ಆ ಪುಸ್ತಕವೇ ಬೇಕಾಯಿತು. ನಾನು ಮಲೆನಾಡಿನವಳು, ನನ್ನ ಭಾಷೆಯಲ್ಲಿ ಹೇಳುವುದಾದರೆ ಅದು ಅವರ ಅಡಿಕೆ ತೋಟ. ಪ್ರೀತಿ ಇರಲಿ ಬಿಡಲಿ, ವರ್ಷವರ್ಷ ಫಸಲು ಬರುತ್ತಿತ್ತು. ಅದರ ರಾಯಧನದಲ್ಲಿ ಬದುಕಬಹುದು ಎಂದು ಖಾತ್ರಿಯಾದ ಮೇಲೆ, ತಾಯಿ ತೀರಿಕೊಂಡ ಎರಡು ವರ್ಷಕ್ಕೆ, 1931ರಲ್ಲಿ ಕೆಲಸ ಬಿಟ್ಟರು. ಯುರೋಪು ಸುತ್ತಿದರು. ನ್ಯೂಯಾರ್ಕಿಗೆ ಬಂದು ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಹತ್ತಿರ ಮನೆ ಮಾಡಿದರು. ಗ್ರಂಥಾಲಯ ಹತ್ತಿರವಿರಬೇಕು, ಅಷ್ಟೇ.

1937ರಲ್ಲಿ ಮ್ಯೂಸಿಯಂ ಅವರಿಗೊಂದು ಕೋಣೆ ಕೊಟ್ಟಿತು, ಗೌರವ ಸಂಶೋಧಕಿ ಎಂಬ ಹೆಸರನ್ನೂ ಕೊಟ್ಟಿತು. ಸಂಬಳ ಕೊಡಲಿಲ್ಲ. ನಮ್ಮಲ್ಲಿ ‘ಅತಿಥಿ ಉಪನ್ಯಾಸಕಿ’ ಎಂಬ ಪದದಲ್ಲಿರುವ ‘ಅತಿಥಿ’ ಎಷ್ಟು ಉಪಚಾರದ ಮಾತೋ ಅಲ್ಲಿಯ ‘ಗೌರವ’ವೂ ಅಷ್ಟೇ ಎಂದು ನನಗೆ ಅನಿಸುತ್ತದೆ. ಹೈಮನ್ ಕೊರಗುತ್ತಾ ಕೂರಲಿಲ್ಲ ನಿಜ. ಅವರು ಕೊರಗಲಿಲ್ಲ ಎಂಬುದು ಸಂಬಳ ಕೊಡದ ಸಂಸ್ಥೆಗಳಿಗೆ ಸಮರ್ಥನೆಯಾಗಬಾರದು.

ಆ ಕೋಣೆಯಲ್ಲಿ ಸಹಾಯಕರಿಲ್ಲದೆ, ಕಾರ್ಯದರ್ಶಿಯಿಲ್ಲದೆ ಅವರು ಅಕಶೇರುಕಗಳ, ಎಂದರೆ ಬೆನ್ನುಮೂಳೆ ಇಲ್ಲದ ಪ್ರಾಣಿಗಳ ಕುರಿತು ಗೊತ್ತಿದ್ದುದನ್ನೆಲ್ಲ ಓದಿ ಬರೆಯತೊಡಗಿದರು. ಹಳೆಯ ಜರ್ಮನ್ ಪ್ರಬಂಧಗಳ ರಾಶಿಯೇ ಇತ್ತು. ಚಿತ್ರಗಳಲ್ಲಿ ಹೆಚ್ಚಿನವು ಅವರ ಕೈಯವೇ. ಮೊದಲ ಸಂಪುಟ 1940ರಲ್ಲಿ, ಎರಡು ಮತ್ತು ಮೂರು 1951ರಲ್ಲಿ, ನಕ್ಷತ್ರಮೀನಿನ ಬಳಗದ ನಾಲ್ಕನೆಯದು 1955ರಲ್ಲಿ, ಐದನೆಯದು 1959ರಲ್ಲಿ. ಪದಕಗಳೂ ಬಂದವು. 1954ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, 1960ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಚಿನ್ನದ ಪದಕ.

‘ಅದೆಲ್ಲ ಸಂಗ್ರಹ ಕಾರ್ಯವಲ್ಲವೇ ಮೇಡಂ, ಸಂಶೋಧನೆಯೇನಲ್ಲ’ ಎಂದು ಸಹೋದ್ಯೋಗಿಯೊಬ್ಬರು ಒಮ್ಮೆ ಅಂದಿದ್ದರು. ಸಾವಿರಾರು ಪ್ರಬಂಧಗಳಲ್ಲಿ ಯಾವುದು ಕಾಳು, ಯಾವುದು ಜೊಳ್ಳು ಎಂದು ಕೇರುವುದು ಸಣ್ಣ ಕೆಲಸವೇ? ದೇಹಕುಹರ (ಮೈಯೊಳಗಿನ ಟೊಳ್ಳು) ಇಲ್ಲದವು, ಅರೆಕುಹರದವು, ಪೂರ್ಣ ಕುಹರದವು ಎಂದು ಪ್ರಾಣಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಪರೀಕ್ಷೆಯಲ್ಲಿ ಬರೆದು ಪಾಸಾದವರೆಲ್ಲ, ಆ ಸಹೋದ್ಯೋಗಿಯೂ ಸೇರಿ, ಹೈಮನ್ ಗಟ್ಟಿಮಾಡಿದ ಮೆಟ್ಟಿಲನ್ನೇ ಹತ್ತಿದವರು. ಆ ಮೆಟ್ಟಿಲು ಈಗ ಉಳಿದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 1990ರ ದಶಕದಿಂದ ಡಿಎನ್‌ಎ ಹೋಲಿಕೆಗಳು ಬಂದು ಅರೆಕುಹರದ ದುಂಡುಹುಳುಗಳು ಪೂರ್ಣ ಕುಹರದ ಕೀಟಗಳ ನೆಂಟರೆಂದು ತೋರಿಸಿದವು. ಚಿತ್ರಗಳು, ವಿವರಗಳು ಮಾತ್ರ ಹಾಗೆಯೇ ನಿಂತಿವೆ. ಹುಳು ತನ್ನ ಅಂಗರಚನೆಯನ್ನೇನೂ ಬದಲಿಸಿಕೊಂಡಿಲ್ಲವಲ್ಲ.

ಆರನೆಯ ಸಂಪುಟ 1967ರಲ್ಲಿ ಬಂದಾಗ ಅವರಿಗೆ ಎಪ್ಪತ್ತೆಂಟು ವರ್ಷ, ಪಾರ್ಕಿನ್ಸನ್ ಕಾಯಿಲೆ ಬೇರೆ. ಅದರ ಹೆಸರು ‘ಮೃದ್ವಂಗಿಗಳು, ಭಾಗ ಒಂದು’, ಬಸವನಹುಳುವಿನಂಥ ಮೆತ್ತನೆ ಮೈಯ ಪ್ರಾಣಿಗಳದ್ದು. ಭಾಗ ಎರಡು ಬರಲಿಲ್ಲ. 1969ರ ಆಗಸ್ಟಿನಲ್ಲಿ ತೀರಿಕೊಂಡರು.

ನಿವೃತ್ತಿಗೆ ಮುಂಚಿನ ವರ್ಷ ಒಬ್ಬ ಹುಡುಗ ಗ್ರಂಥಾಲಯದ ಗಾಜಿನ ಬೀರುವಿನ ಮುಂದೆ ಆರೂ ಸಂಪುಟ ಹರಡಿಕೊಂಡು ಪೆಚ್ಚಾಗಿ ನಿಂತಿದ್ದ. ಮರುದಿನ ಪ್ರಾಯೋಗಿಕ ಪರೀಕ್ಷೆ.

‘ಮೇಡಂ, ಎರೆಹುಳು ಎಲ್ಲಿದೆ? ಜಿರಳೆಯೂ ಇಲ್ಲ.’

‘ಅವನ್ನು ಅವರು ಬರೆಯಲೇ ಇಲ್ಲ ಕಣಪ್ಪ.’

‘ಇಷ್ಟು ದಪ್ಪ ಆರು ಪುಸ್ತಕ ಬರೆದು, ಪರೀಕ್ಷೆಗೆ ಬರುವ ಎರಡನ್ನೇ ಬಿಟ್ಟರಾ?’

‘ಬಸವನಹುಳುವಿನ ಹತ್ತಿರ ಬರುವಷ್ಟರಲ್ಲಿ ಕೈ ನಡುಗಲು ಶುರುವಾಗಿತ್ತು’ ಎಂದೆ. ಅವನು ಒಂದು ಗಳಿಗೆ ಆರನೆಯ ಸಂಪುಟದ ಚಿತ್ರಗಳನ್ನು ತಿರುವಿದ. ಆಮೇಲೆ ಎಲ್ಲವನ್ನೂ ಬೀರುವಿನಲ್ಲಿ ಜೋಡಿಸಿಟ್ಟು ಗೈಡು ಹುಡುಕಿಕೊಂಡು ಹೋದ.